ಏಳು ಗುಲಾಮನಾಗಬಾರದು

ಬ್ರೈಲ್ ಇಸ್ಪೀಟು ಎಲೆಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ, ನಾನು ತಿರುಗಿ ಕೇಳುವುದು ಒಂದೇ: ಆಡುವುದು ಯಾವ ಆಟ? ರಮ್ಮಿಯವರಿಗೆ ಹದಿಮೂರು ಎಲೆ ಒಂದು ಕೈಯಲ್ಲಿ ನಿಲ್ಲಬೇಕು. ಅವರಿಗೆ 57 ಮಿಲಿಮೀಟರ್ ಅಗಲದ ಬ್ರಿಜ್ ಅಳತೆಯ ಎಲೆ ಅನುಕೂಲ. ನಮ್ಮ ಬಳಗ ಆಡುವುದು ಇಪ್ಪತ್ತೆಂಟು. ಕೈಗೆ ಎಂಟೇ ಎಲೆ ಬರುವುದರಿಂದ 63 ಮಿಲಿಮೀಟರ್ ಅಗಲದ್ದೂ ನಡೆಯುತ್ತದೆ. ನಮಗೆ ಅಳತೆಗಿಂತ ಮುಖ್ಯವಾದದ್ದು ಚುಕ್ಕಿ.

ಬ್ರೈಲ್ ಅಕ್ಷರಕ್ಕೆ ಆರು ಚುಕ್ಕಿಗಳ ಜಾಗ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಎಲೆಯ ಮೂಲೆಯಲ್ಲಿ ಸಾಮಾನ್ಯವಾಗಿ ಎರಡು ಅಕ್ಷರಗಳಿರುತ್ತವೆ, ಮೊದಲನೆಯದು ಎಲೆ ಯಾವುದೆಂದೂ ಎರಡನೆಯದು ಅದರ ಜಾತಿಯನ್ನೂ ಹೇಳುತ್ತವೆ. ಅಂಗಡಿಯ ಪ್ಯಾಕುಗಳಲ್ಲಿ ಇವು ಇಂಗ್ಲಿಷ್ ಅಕ್ಷರಗಳು. ಏಳಕ್ಕೆ ಜಿ, ಅಂದರೆ 1, 2, 4, 5. ಗುಲಾಮನಿಗೆ ಜೆ, ಅಂದರೆ 2, 4, 5. ವ್ಯತ್ಯಾಸ 1ನೇ ಚುಕ್ಕಿಯೊಂದರದ್ದೇ. ಎಲೆಯ ತುದಿಗೆ ಎಲ್ಲಕ್ಕಿಂತ ಹತ್ತಿರ ಇರುವುದೂ, ಹೆಬ್ಬೆರಳು ಎಲ್ಲಕ್ಕಿಂತ ಹೆಚ್ಚು ಉಜ್ಜುವುದೂ ಅದೇ ಚುಕ್ಕಿ. ಅದು ಸವೆದರೆ ಏಳು ಗುಲಾಮನಾಗಿಬಿಡುತ್ತದೆ. ಇಪ್ಪತ್ತೆಂಟು ಆಡಿದವರಿಗೆ ಇದರ ಗಂಭೀರತೆ ಹೇಳಬೇಕಾಗಿಲ್ಲ: ಏಳಕ್ಕೆ ಅಂಕವೇ ಇಲ್ಲ, ಗುಲಾಮನಿಗೆ ಮೂರು, ಆಟದಲ್ಲೇ ಅವನು ದೊಡ್ಡವನು.

ಹತ್ತರ ಕತೆ ಇನ್ನೊಂದು. ಕೆಲವು ಪ್ಯಾಕುಗಳಲ್ಲಿ ಹತ್ತಕ್ಕೆ ಟಿ ಇರುತ್ತದೆ (2, 3, 4, 5), ಕೆಲವುಗಳಲ್ಲಿ ಎಕ್ಸ್ (1, 3, 4, 6). ಟಿ ಇದ್ದರೆ 3ನೇ ಚುಕ್ಕಿ ಮಾಸಿದ ಕೂಡಲೇ ಹತ್ತೂ ಗುಲಾಮನೇ. ಎಕ್ಸ್ ಬೆರಳಿಗೆ ಬೇರೆಯಾಗಿಯೇ ಸಿಗುತ್ತದೆ. ಆದ್ದರಿಂದ ತರಿಸಿಕೊಳ್ಳುವ ಮೊದಲು ಮಾರುವವರಿಗೆ ಫೋನು ಮಾಡಿ, ಹತ್ತರಲ್ಲಿ ಯಾವ ಅಕ್ಷರವಿದೆ ಎಂದು ಕೇಳಿಕೊಳ್ಳಿ. ಬೆಲೆ ಕೇಳುವುದಕ್ಕಿಂತ ಇದು ಮುಖ್ಯ.

ಇನ್ನು ತಲೆಕೆಳಗಾಗುವ ಸಮಸ್ಯೆ. ಡೈಮಂಡಿನ ಡಿ ತಿರುಗಿದರೆ ಆಟೀನಿನ (ಇಂಗ್ಲಿಷಿನ ಹಾರ್ಟ್ಸ್) ಎಚ್‌ನ ಆಕಾರ ಪಡೆಯುತ್ತದೆ. ಡೈಮಂಡ್ ನಾಲ್ಕನ್ನು ತಿರುಗಿಸಿ ಹಿಡಿದರೆ ಆಟೀನು ಎಂಟರಂತೆ ತಾಗುತ್ತದೆ, ಚುಕ್ಕಿಗಳು ಒಂದು ಸಾಲು ಕೆಳಗಿರುತ್ತವೆ, ಅಷ್ಟೇ. ಓರೆಯಾಗಿ ಎದುರುಬದುರಾದ ಎರಡು ಮೂಲೆಗಳಲ್ಲಿ ಚುಕ್ಕಿ ಇದ್ದರೆ ಎಡ ಮೇಲ್ಮೂಲೆ ಯಾವಾಗಲೂ ಸರಿಯಾಗಿಯೇ ಓದಲು ಸಿಗುತ್ತದೆ. ಒಂದೇ ಮೂಲೆಯಲ್ಲಿ ಚುಕ್ಕಿ ಇರುವ ಪ್ಯಾಕನ್ನು ನಾನು ಮುಟ್ಟುವುದಿಲ್ಲ. ಎಡಗೈ ಆಟಗಾರರು ಎಲೆಗಳನ್ನು ಇನ್ನೊಂದು ದಿಕ್ಕಿಗೆ ಹರವುತ್ತಾರೆ, ಅವರಿಗೆ ನಾಲ್ಕು ಮೂಲೆಗಳಲ್ಲೂ ಬೇಕು.

ಕೊಂಡ ಪ್ಯಾಕುಗಳಲ್ಲಿ ಇದೆಲ್ಲ ಒಟ್ಟಿಗೆ ಸಿಗದೆ ನಾನೇ ಒಂದು ಮಾಡಿಕೊಂಡೆ. ಸಾಮಾನ್ಯ ಪ್ಲಾಸ್ಟಿಕ್ ಎಲೆ, ಬ್ರೈಲ್ ಸ್ಲೇಟು (ಚುಕ್ಕಿಗಳ ಜಾಗ ತೋರಿಸುವ ಕಿಂಡಿಗಳ ಪಟ್ಟಿ), ಚುಚ್ಚಲು ಸ್ಟೈಲಸ್ ಎಂಬ ಮೊನೆಕಡ್ಡಿ. ಎಲೆಯನ್ನು ಬೆನ್ನು ಮೇಲಾಗಿ ಸ್ಲೇಟಿನಲ್ಲಿ ಕೂರಿಸಿ ಬಲದಿಂದ ಎಡಕ್ಕೆ ಚುಚ್ಚಬೇಕು. ಆಗ ಚುಕ್ಕಿ ಮುಖದ ಕಡೆ ಏಳುತ್ತದೆ. ಪ್ಲಾಸ್ಟಿಕ್ಕಿಗೆ ಆತುರ ಕೂಡದು, ಜೋರಾಗಿ ಕುಕ್ಕಿದರೆ ಸೀಳುತ್ತದೆ. ನಿಧಾನವಾಗಿ ಒತ್ತಿ ಹಿಡಿಯಬೇಕು. ಜಾತಿಗೆ ಮಾತ್ರ ಕನ್ನಡ ಬ್ರೈಲ್ ಬಳಸಿದೆ: ಕಳಾವರಕ್ಕೆ ಕ (1, 3), ಇಸ್ಪೀಟಿಗೆ ಇ (2, 4), ಆಟೀನಿಗೆ ಆ (3, 4, 5), ಡೈಮಂಡಿಗೆ ಡ (1, 2, 4, 6). ಈ ನಾಲ್ಕರಲ್ಲಿ ಯಾವುದನ್ನು ತಿರುಗಿಸಿದರೂ ಇನ್ನೊಂದಾಗುವುದಿಲ್ಲ. ಹತ್ತಕ್ಕೆ ಎಕ್ಸ್. ಇಪ್ಪತ್ತೆಂಟಕ್ಕೆ ಏಳರಿಂದ ಎಕ್ಕದವರೆಗಿನ 32 ಎಲೆ ಸಾಕು. ಉಳಿಯುವ 20 ಎಲೆಗಳಲ್ಲಿ ಮೊದಲು ಚುಚ್ಚಿ ನೋಡಿ, ಕಲೆಸಿ ಕಲೆಸಿ ಚುಕ್ಕಿ ಎಷ್ಟು ತಡೆಯುತ್ತದೆಂದು ಪರೀಕ್ಷಿಸಿದೆ. ಕೊಂಡ ಪ್ಯಾಕನ್ನೂ ಹೀಗೆಯೇ ಪರೀಕ್ಷಿಸಬಹುದು. ಕಾಗದದ ಎಲೆ ಬೆವರಿಗೆ ಮೆತ್ತಗಾಗಿ ಚುಕ್ಕಿ ಕೂತುಬಿಡುತ್ತದೆ. ಪ್ಲಾಸ್ಟಿಕ್ ಬಾಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಲೂಬಹುದು. ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಬೇಡಿ.

ಚುಚ್ಚಿದ ಎಲೆಗೆ ಒಂದು ದೋಷವಿದೆ, ಬೆನ್ನಿನಲ್ಲಿ ಕುಳಿ ಬೀಳುತ್ತದೆ. ತುರುಫು (ಉಳಿದ ಜಾತಿಗಳನ್ನು ಗೆಲ್ಲುವ ಜಾತಿ) ಯಾವುದೆಂದು ತೋರಿಸುವ ಎಲೆಯನ್ನು ಬೋರಲು ಹಾಕಿಡುವ ಆಟದಲ್ಲಿ, ಬ್ರೈಲ್ ಬಲ್ಲ ಕಣ್ಣಿನವರು ಆ ಕುಳಿಗಳನ್ನೇ ಓದಿಬಿಡಬಹುದು. ನಾವು ತುರುಫನ್ನು ಸಣ್ಣ ಡಬ್ಬಿಯೊಳಗೆ ಇಡುತ್ತೇವೆ.

ನಮ್ಮಲ್ಲಿ ನಾಲ್ವರ ಕಣ್ಣೂ ಒಂದೇ ತರಹ ಇಲ್ಲ. ನನಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ನನ್ನ ಷಡ್ಡಕನಿಗೆ ಬದಿಯ ನೋಟ ಹೋಗಿ ನಡುವಿನದು ಮಾತ್ರ ಉಳಿದಿದೆ. ಕಡಿಮೆ ದೃಷ್ಟಿಯವರಿಗೆಲ್ಲ ದಪ್ಪಕ್ಷರವೇ ಮದ್ದೆಂದು ತಿಳಿಯುವವರು ಅವನನ್ನು ನೋಡಬೇಕು: ತೀರ ದೊಡ್ಡ ಅಂಕಿ ಅವನ ಕಿರಿದಾದ ನೋಟದೊಳಗೆ ಪೂರ್ತಿ ಹಿಡಿಸುವುದೇ ಇಲ್ಲ. ನಡುವಿನ ನೋಟ ಕಳೆದುಕೊಂಡವರಿಗೆ ಆ ದೊಡ್ಡ ಅಂಕಿಯೇ ಬೇಕು. ಷಡ್ಡಕನಿಗೆ ಒಗ್ಗಿದ್ದು ಮಾಮೂಲಿ ಅಂಕಿ, ಹೊಳಪಿಲ್ಲದ ಮೈ, ನಾಲ್ಕು ಬಣ್ಣ: ಇಸ್ಪೀಟು ಕಪ್ಪು, ಆಟೀನು ಕೆಂಪು, ಡೈಮಂಡ್ ನೀಲಿ, ಕಳಾವರ ಹಸಿರು. ನಾನು ಚುಚ್ಚಿದ್ದು ಅಂಥ ಪ್ಯಾಕಿನ ಮೇಲೆಯೇ. ನಾಲ್ಕನೆಯವರಾದ ಅತ್ತಿಗೆಗೆ ಕಣ್ಣು ಚೆನ್ನಾಗಿದೆ, ಅವರಿಗೂ ಅದೇ ಎಲೆ.

ಕಷ್ಟವಾದದ್ದು ನನ್ನ ಜೊತೆಗಾರ ಮೇಷ್ಟರದು. ಸಕ್ಕರೆ ಕಾಯಿಲೆ ಅವರ ಕಣ್ಣಿನ ಜೊತೆ ಬೆರಳ ತುದಿಯ ಸ್ಪರ್ಶವನ್ನೂ ಮಂದಗೊಳಿಸಿದೆ. ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡವರಿಗೆ ಬ್ರೈಲ್ ಪ್ಯಾಕು ಉಡುಗೊರೆ ಕೊಡುವ ಮುನ್ನ ದಯವಿಟ್ಟು ಇದನ್ನು ವಿಚಾರಿಸಿ. ಮೇಷ್ಟರಿಗಾಗಿ ಅದೇ ಎಲೆಗಳ ಮೇಲಂಚಿನ ನಡುವೆ, ಸ್ಲೇಟು ಬಿಟ್ಟು ಬರಿಗೈಯಲ್ಲಿ, ಅಂತರ ಹೆಚ್ಚಿಸಿ ಇನ್ನೊಮ್ಮೆ ಅಕ್ಷರ ಚುಚ್ಚಿದೆ. ಬಡಗಿಯಿಂದ ಉದ್ದಕ್ಕೂ ಸಣ್ಣ ಸಂದು ಕೊರೆದ ಮರದ ಪಟ್ಟಿಯೊಂದನ್ನು ಮಾಡಿಸಿ, ಎಲೆಗಳನ್ನು ಅದರಲ್ಲಿ ನಿಲ್ಲಿಸುತ್ತೇವೆ. ಎರಡೂ ಕೈ ಬಿಡುವಾಗುವುದರಿಂದ ಅವರು ಒತ್ತಿ ಒತ್ತಿ ಓದುತ್ತಾರೆ. ಹಾಕುವ ಪ್ರತಿ ಎಲೆಯನ್ನೂ ಎಲ್ಲರೂ, ಅತ್ತಿಗೆಯೂ ಸೇರಿ, ಬಾಯಿಬಿಟ್ಟು ಹೇಳುತ್ತೇವೆ: "ಕಳಾವರ ಒಂಬತ್ತು." ಮೇಷ್ಟರು ಓದಿ ಮುಗಿಸುವವರೆಗೆ ಯಾರೂ ಅವಸರ ಮಾಡುವುದಿಲ್ಲ, ಏಕೆಂದರೆ ಕರೆ (ಇಷ್ಟು ಅಂಕ ಗಳಿಸುತ್ತೇವೆಂಬ ಸವಾಲು) ಏರಿಸುವುದರಲ್ಲಿ ನಮ್ಮಲ್ಲಿ ಅವರಷ್ಟು ಗಟ್ಟಿಗರು ಇನ್ನೊಬ್ಬರಿಲ್ಲ.