ಭೇದಿಗೆ ಉಪ್ಪು-ಸಕ್ಕರೆ ನೀರು: ಅಳತೆ ತಪ್ಪಬೇಡಿ

ನಮ್ಮ ಬದಿಯಡ್ಕ ಕಡೆ ಮಳೆ ಹಿಡಿದರೆ ಬಾವಿ ನೀರು ಕೆಂಪಾಗುತ್ತದೆ, ಹಿಂದೆಯೇ ಮಕ್ಕಳಿಗೆ ಭೇದಿ ಶುರು. ಮೊನ್ನೆ ನಮ್ಮನೆಯಲ್ಲೂ ಅದೇ. ಅತ್ತೆ ಅಂದಾಜಿಗೆ ಉಪ್ಪು ಹಾಕಿ ಕಲಸಿದ ನೀರನ್ನು ಮಗ ಬಾಯಿಗಿಟ್ಟವನೇ ಉಗಿದ. ಕಡಲ ನೀರೇ ಸರಿ!

ಅಳತೆ ಇಷ್ಟೇ. ಕುದಿಸಿ ಆರಿಸಿದ 1 ಲೀಟರ್ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಪುಡಿ ಉಪ್ಪು. ಚಮಚದ ಮೇಲೆ ಬೆರಳಾಡಿಸಿ ಸಮ ಮಾಡಿ, ಗೋಪುರ ಬೇಡ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಓಆರ್‌ಎಸ್ ಪ್ಯಾಕೆಟ್ ಸಿಕ್ಕಿದರೆ ಅದೇ ಒಳ್ಳೆಯದು. ಸಕ್ಕರೆ ಬರೀ ರುಚಿಗಲ್ಲ ಮಾರಾಯ್ರೇ, ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳಲು ಅದು ಬೇಕು.

1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿ ಸಾಲದೆ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಇಂಥದ್ದೇ ನೀರು ತುಂಬಿಸಿಟ್ಟರು. ಕುಡಿಸಿದವರು ರೋಗಿಗಳ ಮನೆಯವರೇ! ಸಾವು ನೂರಕ್ಕೆ ಸುಮಾರು 30ರಿಂದ 4ಕ್ಕೂ ಕೆಳಗಿಳಿಯಿತು.

ಗಂಜಿ, ಎದೆಹಾಲು ನಿಲ್ಲಿಸಬೇಡಿ. ಭೇದಿಯಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಕು, ಮೂತ್ರವೇ ಇಲ್ಲ ಅಂದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.