ಸಾಣಿಗೆಯಲ್ಲಿ ಉಳಿದ ತೌಡು

ಬಾಗಲಕೋಟೆಯಲ್ಲಿ ಹದಿನಾರು ವರ್ಷದಿಂದ ಡಯಟೀಷಿಯನ್ ಕೆಲಸ ಮಾಡುತ್ತಿದ್ದೇನೆ. ಊರಿಗೆಲ್ಲ ಹೊಟ್ಟೆಯ ಬಗ್ಗೆ ಬುದ್ಧಿ ಹೇಳುವವಳ ಹೊಟ್ಟೆಯೇ ಹೋದ ಚಳಿಗಾಲದಲ್ಲಿ ಕೈಕೊಟ್ಟಿತು. ಹಲ್ಲಿನ ಸೋಂಕಿಗೆ ಒಂದು ವಾರ ಆಂಟಿಬಯಾಟಿಕ್ ನುಂಗಿದ್ದೆ. ಹಲ್ಲು ಸರಿಹೋಯಿತು. ಆದರೆ ಮೂರು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾದರೆ ಪುಣ್ಯ ಅನ್ನುವ ಸ್ಥಿತಿ ಬಂತು. ಸಂಜೆಯಾದರೆ ಡೊಳ್ಳಿನಂತೆ ಉಬ್ಬರ. ಈ ಮಾತ್ರೆಗಳು ರೋಗದ ಬ್ಯಾಕ್ಟೀರಿಯಾ ಜೊತೆ ಕರುಳಿನಲ್ಲಿ ನಮಗೆ ಬೇಕಾದವನ್ನೂ ಕೊಲ್ಲುತ್ತವೆ, ಗೊತ್ತಿರುವ ವಿಷಯವೇ.

ಗೊತ್ತಿದ್ದೂ ಎಡವಟ್ಟು ಮಾಡಿದೆ. ದಾಳಿಂಬೆ ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗೆ ಮೇವಾಗುವ ಪಾಲಿಫಿನಾಲ್ (ಹಣ್ಣು, ಕಾಳು, ಸೊಪ್ಪಿನಲ್ಲಿರುವ ಒಂದು ಬಗೆಯ ಸಸ್ಯ ರಾಸಾಯನಿಕ) ಜಾಸ್ತಿ ಇದೆ ಅಂತ ದಿನಾ ಎರಡು ದೊಡ್ಡ ಗ್ಲಾಸ್ ಜ್ಯೂಸ್ ಕುಡಿದೆ, ಅದೂ ಸೋಸಿ. ಸಾಲದ್ದಕ್ಕೆ ಖಾಲಿ ಹೊಟ್ಟೆಗೆ ನೆಲ್ಲಿಕಾಯಿ ಪುಡಿ. ನಾಲ್ಕೇ ದಿನಕ್ಕೆ ಉಬ್ಬರ ಇನ್ನೂ ಏರಿತು. ಸೋಸಿದರೆ ಸಕ್ಕರೆ ಗ್ಲಾಸಿಗೆ ಬರುತ್ತದೆ, ನಾರು ಜರಡಿಯಲ್ಲೇ ಕೂರುತ್ತದೆ. ಬಂದವರಿಗೆಲ್ಲ ನೂರು ಸಲ ಹೇಳಿದ ಮಾತು ನನಗೇ ನೆನಪಾಗಲಿಲ್ಲ ನೋಡಿ.

ಒಂದು ಬೆಳಿಗ್ಗೆ ಅತ್ತೆ ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದರು. ಅವರಿಗೆ ರೊಟ್ಟಿ ಬೆಳ್ಳಗೆ, ತೆಳ್ಳಗೆ ಬರಬೇಕು. ಸಾಣಿಗೆಯಲ್ಲಿ ಮುಷ್ಟಿಯಷ್ಟು ತೌಡು ಉಳಿದಿತ್ತು.

"ಅತ್ತಿ, ಅದನ್ನ ಚೆಲ್ಲಬ್ಯಾಡ್ರಿ, ಹಿಟ್ಟಿನ್ಯಾಗ ಕೂಡಸ್ರಿ" ಅಂದೆ.

"ಎಮ್ಮಿಗೆ ಹಾಕೋದನ್ನ ನೀ ತಿಂತಿಯೇನವಾ?" ಅಂತ ನಕ್ಕರು.

ತಿಂದೆ. ಜೋಳದ ಸಿಪ್ಪೆಯಲ್ಲಿ ಪಾಲಿಫಿನಾಲ್ ಬಳಗದ ಫೆರುಲಿಕ್ ಆಮ್ಲ ನಾರಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನಮ್ಮ ಜೀರ್ಣರಸಕ್ಕೆ ಅದನ್ನು ಬಿಡಿಸಲು ಬರುವುದಿಲ್ಲ. ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ನಾರನ್ನು ಕೊಳೆಸಿ ಅದನ್ನು ಬಿಡಿಸಿಕೊಳ್ಳುತ್ತವೆ. ಬಹುತೇಕ ಪಾಲಿಫಿನಾಲ್‌ಗಳ ಕಥೆಯೂ ಹೀಗೇ. ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ, ಕೆಳಗಿನ ಈ ಬ್ಯಾಕ್ಟೀರಿಯಾಗಳಿಗೆ ಸಿಗುವುದೇ ಜಾಸ್ತಿ.

ಆಮೇಲೆ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ. ಇಡೀ ಅಗಸಿ ಹಾಗೇ ನುಂಗಿದರೆ ಬಂದ ಹಾಗೇ ಹೊರಗೆ ಹೋಗುತ್ತದೆ, ಕುಟ್ಟಲೇಬೇಕು. ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು, ಚಟಪಟ ಅನ್ನುವುದು ನಿಲ್ಲುತ್ತ ಬಂದಾಗ ಇಳಿಸುತ್ತೇನೆ. ಆರಿದ ಮೇಲೆ ಒಣಮೆಣಸಿನಕಾಯಿ, ಜೀರಿಗೆ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟುವುದು. ಪುಡಿ ಮಾಡಿಟ್ಟ ಅಗಸಿ ಬೇಗ ಕಮಟು ವಾಸನೆ ಬರುತ್ತದೆ, ಅದಕ್ಕೇ ಒಂದು ವಾರಕ್ಕಾಗುವಷ್ಟೇ ಮಾಡುತ್ತೇನೆ. ಅಗಸಿಯಲ್ಲಿರುವ ಲಿಗ್ನಾನ್ ಅನ್ನುವ ಪಾಲಿಫಿನಾಲನ್ನು ಎಂಟರೋಲ್ಯಾಕ್ಟೋನ್ ಅನ್ನುವ, ದೇಹ ಹೀರಿಕೊಳ್ಳಬಲ್ಲ ವಸ್ತುವಾಗಿ ಬದಲಾಯಿಸುವುದೂ ಕರುಳಿನ ಬ್ಯಾಕ್ಟೀರಿಯಾಗಳೇ. ಮೊದಲ ವಾರ ದಿನಕ್ಕೆ ಒಂದು ಚಮಚ, ಆಮೇಲೆ ಎರಡು. ಜೊತೆಗೆ ನೀರು ಜಾಸ್ತಿ, ಇಲ್ಲದಿದ್ದರೆ ಮಲ ಇನ್ನೂ ಗಟ್ಟಿಯಾಗುತ್ತದೆ.

ಉಳ್ಳಾಗಡ್ಡಿಯಲ್ಲಿ ಕ್ವೆರ್ಸೆಟಿನ್ ಅನ್ನುವ ಪಾಲಿಫಿನಾಲ್ ಹೊರಪದರಗಳಲ್ಲೇ ಹೆಚ್ಚು. ಎರಡು ಪದರ ಸುಲಿದು ಬಿಸಾಡುತ್ತಿದ್ದವಳು ಈಗ ಒಣಸಿಪ್ಪೆ ಮಾತ್ರ ತೆಗೆಯುತ್ತೇನೆ. ಹಸಿ ಉಳ್ಳಾಗಡ್ಡಿ ಎಲ್ಲರಿಗೂ ಆಗಿಬರುವುದಿಲ್ಲ, ತಿಂದರೆ ಉಬ್ಬುವವರಿಗೆ ನಾನು ಹೇಳುವುದೇ ಇಲ್ಲ. ಊಟ ಆದ ಕೂಡಲೇ ಚಹಾ ಕುಡಿಯುವುದನ್ನೂ ಬಿಟ್ಟೆ. ಚಹಾದ ಪಾಲಿಫಿನಾಲ್ ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹಕ್ಕೆ ಸರಿಯಾಗಿ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ. ಈಗ ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ.

ಮೂರನೇ ವಾರಕ್ಕೆ ಬೆಳಗಿನ ಕೆಲಸ ತಾನಾಗಿ ಆಗತೊಡಗಿತು. ಎಲ್ಲ ಪಾಲಿಫಿನಾಲ್ ಮಹಿಮೆ ಅಂದರೆ ಸುಳ್ಳಾಗುತ್ತದೆ. ತೌಡಿನಲ್ಲಿ, ಅಗಸಿಯಲ್ಲಿ ನಾರೂ ಇದೆ, ಕಾಲವೂ ತನ್ನ ಕೆಲಸ ಮಾಡಿರುತ್ತದೆ. ಯಾವುದರ ಪಾಲು ಎಷ್ಟು ಅಂತ ನನ್ನೊಬ್ಬಳ ಹೊಟ್ಟೆ ನೋಡಿ ಹೇಳಲಾಗುವುದಿಲ್ಲ. ದಾಳಿಂಬೆಯನ್ನೇ ತಗೊಳ್ಳಿ. ಅದರಲ್ಲಿರುವ ಎಲ್ಲಾಜಿಟ್ಯಾನಿನ್ ಅನ್ನುವ ಪಾಲಿಫಿನಾಲ್‌ನಿಂದ ಕೆಲವರ ಕರುಳಿನ ಬ್ಯಾಕ್ಟೀರಿಯಾ ಯುರೋಲಿಥಿನ್ ಅನ್ನುವ, ದೇಹ ಹೀರಿಕೊಳ್ಳಬಲ್ಲ ವಸ್ತು ತಯಾರಿಸುತ್ತವೆ, ಕೆಲವರ ಕರುಳಿನಲ್ಲಿ ಆ ಕೆಲಸ ಆಗುವುದೇ ಇಲ್ಲ. ಹಾಗಾಗಿ "ನಿಮಗೆ ಆಯ್ತಲ್ರೀ ಮೇಡಮ್, ನಮಗ ಯಾಕಿಲ್ಲ?" ಅಂದರೆ ನನಗೆ ಸಿಟ್ಟು ಬರುವುದಿಲ್ಲ. ಈಗ ಅರ್ಧ ಹಣ್ಣು ಬಿಡಿಸಿ ಕಾಳನ್ನೇ ಅಗಿಯುತ್ತೇನೆ.

ಅತ್ತೆ ಮಾತ್ರ ಬದಲಾಗಿಲ್ಲ. ಬೀಗರು ಬಂದರೆ ಸಾಣಿಗೆ ಹೊರಗೆ ಬರುತ್ತದೆ. ಉಳಿದ ತೌಡನ್ನು ಸ್ಟೀಲ್ ಡಬ್ಬಿಗೆ ಸುರಿದು, "ಇದು ನಮ್ಮ ಡಾಕ್ಟರ್‌ದು" ಅಂತ ಎಲ್ಲರ ಮುಂದೆ ಹೇಳಿ ಕಪಾಟಿನ ಮೇಲಿಡುತ್ತಾರೆ.