ಹೂವು ಬಲಕ್ಕೆ ಬಿತ್ತು, ಆಮೇಲೆ

ನಮ್ಮ ಶಿರಸಿ-ಸಿದ್ದಾಪುರದ ಕಡೆ ಯಾರ ಮನೆಗೆ ಹೋದರೂ ಜಗಲಿ ಹತ್ತುವ ಮೊದಲೇ ಕೇಳುತ್ತಾರೆ, ‘ಆಸರಿಗೆ ಎಂತ ಬೇಕು?’ ಎಂದು. ಕುಡಿಯಲು ಏನಾದರೂ ಕೊಡದೆ ಮಾತು ಶುರುವಾಗುವುದಿಲ್ಲ. ನಾಲ್ಕು ವರ್ಷದಿಂದ ಈ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನಮ್ಮ ಯಜಮಾನರು ನನ್ನ ಮುಖ ನೋಡುತ್ತಾರೆ. ಇವರಿಗೆ ದಿನಕ್ಕೆ ಒಂದು ಲೀಟರ್ ಮಾತ್ರ. ನೀರು, ಚಹಾ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಆ ಒಂದು ಲೀಟರಿನಲ್ಲೇ ಬರಬೇಕು. ಅಪ್ಪೆಹುಳಿ ಎಂದರೆ ಜೀವ ಬಿಡುವ ಮನುಷ್ಯ. ಈಗ ಮಾವಿನಮಿಡಿ ಕಾಲದಲ್ಲೂ ಎರಡು ಚಮಚ ನಾಲಿಗೆಗೆ ತಾಗಿಸಿಕೊಂಡು ಲೋಟ ಕೆಳಗಿಡುತ್ತಾರೆ.

ಎರಡೂ ಕಿಡ್ನಿ ಹೋಗಿದೆ. ಬಿಪಿ ಇದೆ ಎಂದು ಹತ್ತು ವರ್ಷದ ಹಿಂದೆಯೇ ಹೇಳಿದ್ದರು. ತಲೆಸುತ್ತು ಬಂದ ದಿನ ಮಾತ್ರೆ ನುಂಗುವುದು, ಬಾರದ ದಿನ ಬಿಡುವುದು, ಹೀಗೇ ನಡೆಯಿತು. ಕಾಲು ಊದಿ, ಅನ್ನ ಕಂಡರೆ ವಾಂತಿ ಬರುವ ಹಾಗಾದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಕಿಡ್ನಿ ಸೋಸದೆ ರಕ್ತದಲ್ಲಿ ಉಳಿಯುವ ಕಸದ ಲೆಕ್ಕ, ಕ್ರಿಯಾಟಿನಿನ್, 9.8. ಹಿಮೋಗ್ಲೋಬಿನ್ 7. ಅಲ್ಲಿಂದ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ನಾಲ್ಕು ನಾಲ್ಕು ತಾಸು ಡಯಾಲಿಸಿಸ್. ವಾರಕ್ಕೆ ಮೂರು ಸಲ ಆದರೆ ಒಳ್ಳೆಯದು ಎಂದರು. ನಮಗೆ ಸಿಕ್ಕಿದ್ದು ಎರಡು. 2016ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ತಂದ ಮೇಲೆ ಸರಕಾರಿ ಆಸ್ಪತ್ರೆಗಳಲ್ಲಿ ಮಷಿನ್ ಬಂತು, ಬಡವರಿಗೆ ಪುಕ್ಕಟೆ ಆಯಿತು. ಅದಿಲ್ಲದಿದ್ದರೆ ತೋಟದ ಅರ್ಧ ಈಗ ಬೇರೆಯವರ ಹೆಸರಿನಲ್ಲಿ ಇರುತ್ತಿತ್ತು.

ಮಂಗಳವಾರ, ಶುಕ್ರವಾರ. ಎರಡೂ ದೇವಿಯ ವಾರ. ನಾನು ಮದುವೆಯಾಗಿ ಬಂದಾಗಿನಿಂದ ಆ ಎರಡು ದಿನ ಊರ ದೇವಿಯ ಗುಡಿಗೆ ಹೋಗಿ ಹೂವು ಕೊಟ್ಟು ಬರುತ್ತಿದ್ದವಳು. ಶುಕ್ರವಾರ ಸಂಜೆ ಸಹಸ್ರನಾಮ ತಪ್ಪಿಸಿದವಳಲ್ಲ. ಇದ್ದುದರಲ್ಲಿ ಆ ಎರಡು ದಿನವನ್ನೇ ಮಷಿನ್ ಕಿತ್ತುಕೊಂಡಿತಲ್ಲ ಎಂದು ಮೊದಲ ತಿಂಗಳು ಒಳಗೊಳಗೇ ಉರಿದುಕೊಂಡಿದ್ದೆ. ದಿನ ಬದಲಿಸಿ ಕೊಡಿ ಎಂದು ಕೇಳಿಯೂ ನೋಡಿದೆ. ಬೇರೆ ದಿನದ ಮಂಚ ಖಾಲಿ ಇಲ್ಲ ಎಂದರು. ಒಂದು ಮಂಚ ಖಾಲಿ ಆಗುವುದು ಎಂದರೆ ಏನು ಅರ್ಥ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಮತ್ತೆ ಕೇಳಲಿಲ್ಲ.

ನಮ್ಮಲ್ಲಿ ಏನೇ ಗೊಂದಲ ಬಂದರೂ ‘ಪ್ರಸಾದ ಕೇಳುವುದು’ ವಾಡಿಕೆ. ಒದ್ದೆ ಮಾಡಿದ ಮೂರ್ತಿಯ ಮೈಗೆ ಭಟ್ಟರು ಹೂವಿನ ಎಸಳು ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಕೇಳಿಕೊಂಡು ಕೈ ಮುಗಿದು ಕೂರುತ್ತೇವೆ. ಬಲಗಡೆಯ ಎಸಳು ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡ. ಹೊನ್ನಾವರದ ಹತ್ತಿರದ ಇಡಗುಂಜಿ ಗಣಪತಿಯ ಮುಂದೆ ಮದುವೆ ನಿಶ್ಚಯಕ್ಕೂ ಹೀಗೆಯೇ ಪ್ರಸಾದ ನೋಡುವವರಿದ್ದಾರೆ. ನಾನು ಬಾವಿ ತೋಡುವ ಜಾಗಕ್ಕೆ ಕೇಳಿದ್ದೇನೆ, ಮಗಳ ಸಂಬಂಧಕ್ಕೆ ಕೇಳಿದ್ದೇನೆ, ಹಸು ಮಾರಲೂ ಕೇಳಿದ್ದೇನೆ. ಬಾವಿಯಲ್ಲಿ ನೀರು ಬಂತು, ಮಗಳು ಸುಖವಾಗಿದ್ದಾಳೆ. ಹಸುವಿನ ವಿಷಯ ಬಿಡಿ. ಒಟ್ಟಿನಲ್ಲಿ ದೇವರು ದಾರಿ ತೋರಿಸುತ್ತಾನೆ ಎಂದರೆ ನನಗೆ ಅದು ಬಲ ಇಲ್ಲವೇ ಎಡ.

ಮೊದಲು ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಿದರು. ಆಮೇಲೆ ಎಡಗೈಯ ಮಣಿಕಟ್ಟಿನ ಮೇಲೆ ಸಣ್ಣ ಆಪರೇಶನ್ ಮಾಡಿ ಫಿಸ್ಟುಲಾ ಕಟ್ಟಿದರು. ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಜೋಡಿಸಿದರೆ ಆ ರಕ್ತನಾಳ ನಿಧಾನಕ್ಕೆ ದಪ್ಪವಾಗಿ ಸೂಜಿ ಚುಚ್ಚಲು ಬರುತ್ತದೆ. ಹದಕ್ಕೆ ಬರಲು ಆರೆಂಟು ವಾರ ಬೇಕು. ಆ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಬಾರದು, ರಕ್ತ ತೆಗೆಯಬಾರದು. ಸಿಸ್ಟರ್ ನನ್ನ ಬೆರಳು ಹಿಡಿದು ಗಾಯದ ಮೇಲ್ಗಡೆ ಇಡಿಸಿ, ‘ಗೊತ್ತಾಗ್ತಾ ಅಕ್ಕಾ? ಇದು ದಿನಾ ನೋಡ್ಬೇಕು. ನಿಂತ್ರೆ ಓಡಿ ಬರ್ಬೇಕು’ ಎಂದಳು. ಮುಚ್ಚಿದ ಮುಷ್ಟಿಯೊಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಚರ್ಮದ ಕೆಳಗೆ ಝುಂ ಎನ್ನುತ್ತಿತ್ತು. ಅವತ್ತಿನಿಂದ ರಾತ್ರಿ ದೇವರ ಮುಂದಿನ ದೀಪ ಸಣ್ಣ ಮಾಡಿ ಬಂದು ಇವರ ಕೈ ಮುಟ್ಟಿ ನೋಡದೆ ನಾನು ಮಲಗಿದ್ದಿಲ್ಲ.

ಮುಂದಿನ ವರ್ಷ ಕಿಡ್ನಿ ಕಸಿ ಮಾತು ಬಂತು. ನಂದೇ ಕೊಡೋಣ ಎಂದು ನನಗೆ ಅನ್ನಿಸಿತು. ರಕ್ತದ ಗುಂಪು ಹೊಂದುತ್ತಿತ್ತು. ಇವರು ಬೇಡವೇ ಬೇಡ ಎಂದರು, ಅತ್ತೆ ಏನೂ ಹೇಳಲಿಲ್ಲ, ಮಗಳು ಫೋನಿನಲ್ಲಿ ಅತ್ತಳು. ಕಡೆಗೆ ದೇವಿಯನ್ನೇ ಕೇಳುತ್ತೇನೆ ಎಂದು ಹೋದೆ. ಭಟ್ಟರು ಎಸಳು ಅಂಟಿಸಿ ಗಂಟೆ ಬಾರಿಸಿದರು. ಕೆಲವೊಮ್ಮೆ ಅರ್ಧ ತಾಸು ಕಾಯಬೇಕಾಗುತ್ತದೆ. ಅವತ್ತು ನಾನು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಬಲಗಡೆಯದು ಬಿತ್ತು. ಇಷ್ಟು ಸ್ಪಷ್ಟವಾಗಿ ಯಾವತ್ತೂ ಕೊಟ್ಟಿರಲಿಲ್ಲ.

ದೇವಿಮನೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಮೂರು ದಿನ ನನಗೆ ಏನೇನೋ ಪರೀಕ್ಷೆ. ನಾಲ್ಕನೆಯ ದಿನ ಡಾಕ್ಟರು ಕಾಗದ ತಿರುವಿ ಹಾಕುತ್ತ, ‘ನಿಮಗೆ ಸಕ್ಕರೆ ಕಾಯಿಲೆ ಇದೆಯಲ್ಲಮ್ಮ, ಗೊತ್ತಿರಲಿಲ್ವಾ?’ ಎಂದರು. ನನ್ನ ಕಿಡ್ನಿಯನ್ನು ತೆಗೆದುಕೊಳ್ಳುವಂತಿಲ್ಲ. ಅಲ್ಲಿಗೆ ಮುಗಿಯಿತು.

ಹಿಂದೆ ಬರುವಾಗ ಘಾಟಿಯಲ್ಲಿ ಮಂಜು. ಬಸ್ಸಿನಲ್ಲಿ ಇವರು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದರು. ನನಗೆ ಕಾಯಿಲೆ ಬಂದದ್ದಕ್ಕೆ ಸಂಕಟ ಆಗಲಿಲ್ಲ. ಬಲಕ್ಕೆ ಬಿದ್ದ ಆ ಎಸಳು ಕಣ್ಣ ಮುಂದೆ ಬಂದು ಮೈಯೆಲ್ಲ ಉರಿಯಿತು. ಇಲ್ಲ ಎನ್ನುವುದಾದರೆ ಇಲ್ಲ ಎನ್ನಬೇಕಿತ್ತು. ಹೌದು ಎಂದು ಘಾಟಿ ಇಳಿಸಿ, ಮೂರು ದಿನ ಸೂಜಿ ಚುಚ್ಚಿಸಿ, ಹಿಂದೆ ಕಳಿಸುವುದು ಯಾವ ನ್ಯಾಯ? ಮನೆಗೆ ಬಂದವಳು ದೇವರ ಕೋಣೆಗೆ ಹೋಗಲಿಲ್ಲ. ಹನ್ನೊಂದು ದಿನ ದೀಪ ಹಚ್ಚಲಿಲ್ಲ. ಅತ್ತೆ ಸೊಂಟ ಹಿಡಿದುಕೊಂಡು ಬಂದು ಹಚ್ಚುತ್ತಿದ್ದರು. ನನ್ನನ್ನು ಒಂದು ಮಾತು ಕೇಳಲಿಲ್ಲ, ಆ ಉಪಕಾರ ಮರೆಯುವಂಥದ್ದಲ್ಲ.

ಸಮಾಧಾನ ಹೇಳಲು ಬಂದವರೇ ಹೆಚ್ಚು ದಣಿಸಿದರು. ‘ದೇವರು ತನ್ನವರನ್ನೇ ಪರೀಕ್ಷೆ ಮಾಡೋದು’ ಎಂದರು. ಪರೀಕ್ಷೆಗೆ ನಾನು ಫೀಸು ಕಟ್ಟಿರಲಿಲ್ಲ. ತಂಗಿ, ‘ನಿನ್ನ ಶುಗರ್ ಗೊತ್ತಾಗಲಿ ಅಂತಲೇ ದೇವಿ ಕಳಿಸಿದ್ದು’ ಎಂದಳು. ಕೇಳಲು ಚೆನ್ನಾಗಿದೆ, ಆದರೆ ನನಗೆ ಹಿಡಿಸಲಿಲ್ಲ. ಹತ್ತು ಎಂಎಲ್ ರಕ್ತದಲ್ಲಿ ಗೊತ್ತಾಗುವುದನ್ನು ಹೇಳಲು ಅಷ್ಟು ಸುತ್ತು ಬಳಸುವವಳಲ್ಲ ನಮ್ಮ ದೇವಿ. ಇನ್ನೊಬ್ಬರು ಡಯಾಲಿಸಿಸ್ ಬಿಟ್ಟು ಬೇರು-ನಾರು ಕುಡಿಸಿ ಎಂದರು, ನಂಬಿಕೆ ಇದ್ದರೆ ವಾಸಿಯಾಗುತ್ತದಂತೆ. ಅವರಿಗೆ ಮಾತ್ರ ಅವತ್ತು ಆಸರಿಗೆ ಕೇಳಲಿಲ್ಲ.

ಹನ್ನೆರಡನೆಯ ದಿನ ಭಟ್ಟರೇ ಮನೆಗೆ ಬಂದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತ, ‘ನೀನು ಕೇಳಿದ್ದೆಂತ?’ ಎಂದರು. ‘ಕೊಡಲಾ ಅಂತ.’ ‘ಕೊಡು ಅಂದಳು. ತಗಳ್ತೆ ಅಂತ ಅವಳೆಲ್ಲಿ ಹೇಳಿದಳು?’ ಎಂದು ನಕ್ಕುಬಿಟ್ಟರು. ನನಗೂ ನಗು ಬಂತು, ಹನ್ನೆರಡು ದಿನಕ್ಕೆ ಮೊದಲ ಸಲ. ಅವರ ಮಾತು ಲಾಯರಿನ ವಾದದ ಹಾಗಿತ್ತು, ಇವತ್ತಿಗೂ ನಾನದನ್ನು ಪೂರ್ತಿ ಒಪ್ಪಿಲ್ಲ. ಆದರೆ ಸಂಜೆ ದೀಪ ಹಚ್ಚಿದೆ. ಹಚ್ಚುವಾಗ ಏನೂ ಕೇಳಿಕೊಳ್ಳಲಿಲ್ಲ, ಕೇಳಲು ಏನೂ ಉಳಿದಿರಲಿಲ್ಲ. ಸುಮ್ಮನೆ ಕೂತೆ. ಹಾಗೆ ಸುಮ್ಮನೆ ಕೂತದ್ದು ಬಹುಶಃ ಅದೇ ಮೊದಲು.

ಆಮೇಲೆ ನಾನು ಮಾಡಿಕೊಂಡ ಕ್ರಮ ಹೇಳುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬರಬಹುದು, ಬರದೆಯೂ ಇರಬಹುದು.

ಮುಂದಿನ ವರ್ಷ ಏನು, ಮಗನ ಓದು ಏನು, ತೋಟ ಯಾರು ನೋಡುವುದು ಎಂದು ಕೇಳುವುದನ್ನು ಬಿಟ್ಟೆ. ಮಂಗಳವಾರ ಮನೆಗೆ ಬಂದು ಇವರನ್ನು ಮಲಗಿಸಿ, ‘ಶುಕ್ರವಾರದ ತನಕ ನಡೆಸು’ ಎನ್ನುತ್ತೇನೆ. ಶುಕ್ರವಾರ, ‘ಮಂಗಳವಾರದ ತನಕ’. ಶುಕ್ರವಾರದಿಂದ ಮಂಗಳವಾರಕ್ಕೆ ಒಂದು ದಿನ ಹೆಚ್ಚು, ನೀರು ಹೆಚ್ಚು ತುಂಬುವುದೂ ಆಗಲೇ, ಹಾಗಾಗಿ ಆ ಪ್ರಾರ್ಥನೆಯೂ ಸ್ವಲ್ಪ ಗಟ್ಟಿ. ಸಹಸ್ರನಾಮಕ್ಕೆ ಮುಕ್ಕಾಲು ತಾಸು ಬೇಕು, ಅಷ್ಟು ಹೊತ್ತು ಕೂತರೆ ತೂಕಡಿಸುತ್ತೇನೆ. ಈಗ ಬಸ್ಸಿನಲ್ಲಿ ಒಂದೇ ಹೆಸರು. ಟಿಕೆಟ್ ತೆಗೆದ ಮೇಲೆ ಶುರು ಮಾಡಿದರೆ ಎಷ್ಟೋ ಸಲ ಎರಡನೆಯ ತಿರುವಿಗೇ ನಿದ್ದೆ. ಮೊದಲು ಅಪರಾಧ ಅನ್ನಿಸುತ್ತಿತ್ತು. ಈಗ, ಅವಳ ಹೆಸರು ಹೇಳುತ್ತ ನಿದ್ದೆ ಬಂದರೆ ಅದನ್ನು ಕೊಟ್ಟವಳೂ ಅವಳೇ ಎಂದುಕೊಂಡು ಕಂಡಕ್ಟರ್ ಎಬ್ಬಿಸುವ ತನಕ ಮಲಗುತ್ತೇನೆ.

ಬೆಳಿಗ್ಗೆ ಒಂದು ಲೀಟರಿನ ಬಾಟಲಿ ತುಂಬಿಸಿಡುತ್ತೇನೆ. ಸಾರಿಗೆ, ಚಹಾಕ್ಕೆ ಎಷ್ಟು ಹೋಯಿತೋ ಅಷ್ಟು ಅದರಿಂದ ಚೆಲ್ಲುತ್ತೇನೆ, ಉಳಿದದ್ದು ಇವರದು. ನೀರು ಕಡಿಮೆ ಮಾಡಬೇಕಾದವರು ಮೊದಲು ಉಪ್ಪು ಕಡಿಮೆ ಮಾಡಬೇಕು. ಉಪ್ಪಿನಕಾಯಿ ತಿನ್ನಿಸಿ ನೀರು ಕೊಡುವುದಿಲ್ಲ ಎನ್ನುವುದು ಕ್ರೌರ್ಯ. ತರಕಾರಿ ಹೆಚ್ಚಿ ಬೇಯಿಸಿ ನೀರು ಬಸಿದು ಚೆಲ್ಲುತ್ತೇನೆ, ಪೊಟ್ಯಾಸಿಯಂ ಇಳಿಯಲಿ ಎಂದು. ಎಳನೀರು, ಬಾಳೆಹಣ್ಣು ಸುದ್ದಿಯೇ ಇಲ್ಲ, ತೋಟದ ತುಂಬ ಇದ್ದರೂ. ಇದನ್ನು ನಂಬಿಕೆಯ ಕಥೆಯಲ್ಲಿ ಯಾಕೆ ಹೇಳಿದೆ ಎಂದರೆ, ನನ್ನ ಪೂಜೆಯ ಹೊತ್ತೆಲ್ಲ ಈಗ ಇದಕ್ಕೇ ಹೋಗುತ್ತದೆ.

ಅಡಿಕೆ ಲೆಕ್ಕದ ಹಳೆಯ ಪುಸ್ತಕದಲ್ಲಿ ಇವರ ತೂಕ, ಬಿಪಿ ಬರೆಯುತ್ತೇನೆ. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ, ಅಂದರೆ ಒಣ ತೂಕ, 54 ಕಿಲೋ. ಮಷಿನಿಗೆ ಹೋಗುವಾಗ 56 ದಾಟದಿದ್ದರೆ ನನಗೆ ಹಬ್ಬ. ಆ ಪುಸ್ತಕದಲ್ಲಿ ಖರ್ಚಿನ ಎದುರು ಜಮಾ ಕಲಂ ಇದೆ, ಖಾಲಿ ಇತ್ತು. ಒಂದು ದಿನ ಅದರಲ್ಲಿ ‘ಬಸ್ಸಿನಲ್ಲಿ ಸೀಟು ಸಿಕ್ಕಿತು’ ಎಂದು ಬರೆದೆ. ಆಮೇಲೆ ಬರೆಯುತ್ತಾ ಹೋದೆ. ‘ಸೂಜಿ ಒಂದೇ ಸಲಕ್ಕೆ ಕೂತಿತು.’ ‘ಪಕ್ಕದ ಮಂಚದವರ ಮಗ ಊಟ ತಂದುಕೊಟ್ಟ.’ ಎರಡನೆಯ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಹೊಡೆಸಲು ಆಳು ಸಿಗಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕ ನನಗೆ ಗೊತ್ತು, ಆದರೆ ಮರ ಹತ್ತುವವರು ಬೇಕಲ್ಲ. ಮೊದಲ ಸಲದ್ದು ತಡವಾಯಿತು, ಕೆಳಗಿನ ತೋಟಕ್ಕೆ ಕೊಳೆರೋಗ ಬಿತ್ತು. ಎರಡನೆಯ ಸಲಕ್ಕೆ ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗೌಡ ಕರೆಯದೆ ಬಂದು, ಎರಡು ದಿನ ಹೊಡೆದು, ದುಡ್ಡು ಕೊನೆಕೊಯ್ಲಿನ ಮೇಲೆ ಸಾಕು ಎಂದ. ಜಮಾ ಕಡೆ ಅವನ ಹೆಸರಿದೆ. ‘ಏನೂ ಇಲ್ಲ’ ಎಂದು ಬರೆದ ದಿನಗಳೂ ಇವೆ, ಸುಳ್ಳು ಲೆಕ್ಕ ಬರೆಯುವುದಿಲ್ಲ. ಕಳೆದ ವರ್ಷದ ಆಷಾಢದಲ್ಲಿ ಸಾಲಾಗಿ ಒಂಬತ್ತು ದಿನ ಹಾಗೇ ಇದೆ.

ಆ ಆಷಾಢದಲ್ಲೇ ಒಂದು ರಾತ್ರಿ ದೀಪ ಸಣ್ಣ ಮಾಡಿ ಬಂದು ಕೈ ಮುಟ್ಟಿದರೆ ಝುಂ ಇಲ್ಲ. ಬೆರಳು ಸರಿಸಿ ನೋಡಿದೆ, ಕಿವಿ ಇಟ್ಟು ಕೇಳಿದೆ. ಹೊರಗೆ ಮಳೆಯ ಸದ್ದು, ಕೈಯೊಳಗೆ ಏನೂ ಇಲ್ಲ. ಕರೆಂಟೂ ಇರಲಿಲ್ಲ. ಪಕ್ಕದ ಮನೆಯವರು ಅಡಿಕೆ ಸೊಸೈಟಿಗೆ ಸಾಗಿಸುವ ಪಿಕಪ್ ತೆಗೆದರು. ಶಿರಸಿಯಲ್ಲಿ ನೋಡಿ, ರಕ್ತ ಹೆಪ್ಪುಗಟ್ಟಿದೆ, ಘಾಟಿ ಕೆಳಗಿನ ಆಸ್ಪತ್ರೆಗೆ ಹೋಗಿ ಎಂದರು. ಮತ್ತೆ ಅದೇ ಘಾಟಿ, ಅದೇ ಮಂಜು. ನಾನು ನಡುವೆ ಕೂತು ಇವರ ಕೈಯನ್ನು ನನ್ನ ಸೆರಗಿನಲ್ಲಿ ಸುತ್ತಿಕೊಂಡಿದ್ದೆ. ಉಳಿಯುತ್ತದಾ ಎಂದು ದೇವಿಯನ್ನು ಕೇಳಬಹುದಿತ್ತು. ಕೇಳಬೇಕು ಅನ್ನಿಸಲಿಲ್ಲ. ಗಾಡಿಯ ದೀಪದ ಬೆಳಕು ಹತ್ತು ಮಾರು ದೂರಕ್ಕೆ ಬೀಳುತ್ತಿತ್ತು, ಡ್ರೈವರ್ ಹುಡುಗ ಅಷ್ಟು ನೋಡಿ ಅಷ್ಟೇ ಮುಂದೆ ಹೋಗುತ್ತಿದ್ದ. ದೇವಿ ಕೂತಿದ್ದಾಳೆ ಈ ಗಾಡಿಯಲ್ಲಿ ಎಂದು ನನಗೆ ಖಾತ್ರಿಯಿತ್ತು. ಏನು ಮಾಡುತ್ತಾಳೆ ಎಂಬ ಖಾತ್ರಿ ಇರಲಿಲ್ಲ. ಇವೆರಡೂ ಬೇರೆ ಬೇರೆ ಎಂದು ನನಗೆ ಐವತ್ತರ ಹತ್ತಿರ ಗೊತ್ತಾಯಿತು.

ಫಿಸ್ಟುಲಾ ಉಳಿಯಲಿಲ್ಲ. ಮತ್ತೆ ಕುತ್ತಿಗೆಗೆ ನಳಿಗೆ, ಮತ್ತೆ ಆಪರೇಶನ್, ಈ ಸಲ ಮೊಣಕೈ ಹತ್ತಿರ. ಮತ್ತೆ ಎರಡು ತಿಂಗಳು ಕಾಯುವುದು. ಸತ್ತವರ ಅಂಗ ಹಂಚುವ ಸರಕಾರದ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಹಾಕಿಸಿದ್ದೇವೆ. ಯಾರೋ ಸತ್ತ ಮನೆಯವರು ಆ ದುಃಖದಲ್ಲೂ ಒಪ್ಪಿದರೆ ನಮಗೆ ಫೋನು. ಅದಕ್ಕಾಗಿ ಹೇಗೆ ಪ್ರಾರ್ಥಿಸುವುದು ಎಂದು ನನಗಿನ್ನೂ ತಿಳಿದಿಲ್ಲ. ಮೊಬೈಲ್ ಚಾರ್ಜ್ ಮಾಡಿ ತಲೆಹತ್ತಿರ ಇಟ್ಟುಕೊಂಡು ಮಲಗುತ್ತೇನೆ, ಅಷ್ಟೇ.

ಹೋದ ಸೋಮವಾರ ಗುಡಿಗೆ ಹೋಗಿದ್ದೆ. ದೇವಿಯ ವಾರವಲ್ಲ, ನನಗೆ ಬಿಡುವಿದ್ದ ವಾರ. ಭಟ್ಟರು ಎಸಳು ಕೈಯಲ್ಲಿ ಹಿಡಿದು, ‘ಪ್ರಸಾದ ಕೇಳ್ತ್ಯ?’ ಎಂದರು. ಬೇಡ, ಒಂದು ಹೂವು ಹಾಗೇ ಕೊಡಿ ಎಂದೆ. ಬಲಗಡೆಯದಾ ಎಡಗಡೆಯದಾ ನೋಡಲಿಲ್ಲ, ಅವರು ತೆಗೆದುಕೊಟ್ಟದ್ದನ್ನು ತುರುಬಿಗೆ ಸಿಕ್ಕಿಸಿಕೊಂಡು ಮನೆಗೆ ಓಡಿದೆ. ಮಾರನೆಯ ದಿನ ಮಂಗಳವಾರ, ಐದೂ ಮುಕ್ಕಾಲಿನ ಬಸ್ಸು. ಪಲ್ಯಕ್ಕೆ ಹೆಚ್ಚಿ ಬೇಯಿಸಿ ಬಸಿಯಬೇಕಿತ್ತು. ರಾತ್ರಿ ಮುಟ್ಟಿ ನೋಡಿದೆ, ಹೊಸದು ಹಳೆಯದಕ್ಕಿಂತ ಜೋರಾಗಿ ಗುಂಯ್‌ಗುಡುತ್ತದೆ. ಬೆಳಿಗ್ಗೆ ತೂಕ 55.8.